ಹೂವಮ್ಮ ಲೆನ್ಸಿನ ಕೆಳಗೆ ಇಡದ ನಾಣ್ಯ

"ಊರೋರ ದುಡ್ಡೆಲ್ಲಾ ನೋಡು, ಬೇಡ ಅನ್ನಲ್ಲ. ನಮ್ಮ ಲಕ್ಷ್ಮೀನ ಮಾತ್ರ ಆ ಮೆಷಿನ್ ಕೆಳಗೆ ಇಡಬೇಡ. ಮಾತು ಕೊಡು."

ಹನ್ನೆರಡು ವರ್ಷದ ಹಿಂದೆ ಅತ್ತೆ ಶಂಕರಮ್ಮ ಹೀಗೆ ಹೇಳಿ ಕೈ ಚಾಚಿದಾಗ ಹೂವಮ್ಮ ಅಕ್ಕಿ ತೊಳೆಯುತ್ತಿದ್ದರಂತೆ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅತ್ತೆಯ ಅಂಗೈ ಮೇಲಿಟ್ಟು "ಇಡಲ್ಲ ಅತ್ತೆ" ಎಂದರು. ಸೊಸೆಯಾದವಳು ಒಲೆಯ ಮುಂದೆ ನಿಂತು ಕೊಡುವ ನೂರು ಮಾತುಗಳಲ್ಲಿ ಅದೂ ಒಂದಾಗಿತ್ತು, ಅಷ್ಟೆ. ಅದೇ ಮಾತು ಮುಂದೆ ಈ ಮನೆಯ ಕಿರಿಸೊಸೆಯ ಮೇಲೆ ಬಂದ ಕಳ್ಳತನದ ಮಾತನ್ನು ಅಳಿಸಲು ಬಿಡದೆ ನಾಲ್ಕು ವರ್ಷ ಅಡ್ಡ ನಿಲ್ಲುತ್ತದೆ ಎಂದು ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ಭದ್ರಾವತಿಯ ಜನ್ನಾಪುರದಲ್ಲಿ ಬೆಳಗಿನ ಐದೂವರೆ. ಹಾಲಿನ ವ್ಯಾನ್ ಇನ್ನೂ ಬಂದಿಲ್ಲ. ಮುಂದಿನ ಕೋಣೆಯಲ್ಲಿ, ಹೊಲಿಗೆ ಮೆಷಿನ್ ಕಳಚಿಟ್ಟ ಹಳೆಯ ಮೇಜಿನ ಮೇಲೆ, ಟಾರ್ಚಿನಷ್ಟು ಗಾತ್ರದ ಡಿಜಿಟಲ್ ಮೈಕ್ರೋಸ್ಕೋಪ್ ಒಂದು ಕಬ್ಬಿಣದ ಕಂಬಕ್ಕೆ ಸಿಕ್ಕಿಸಿಕೊಂಡು ತಲೆ ತಗ್ಗಿಸಿ ನಿಂತಿದೆ. ಅದರ ವೈರು ಲ್ಯಾಪ್‌ಟಾಪಿಗೆ ಹೋಗಿದೆ. ಲೆನ್ಸಿನ ಸುತ್ತ ಪುಟ್ಟ ದೀಪಗಳ ಬಳೆ. ಆ ಬೆಳಕು ನೇರವಾಗಿ ಬೀಳದಿರಲೆಂದು ತಳ ಕತ್ತರಿಸಿದ ಕಾಗದದ ಟೀ ಲೋಟವನ್ನು ಹೂವಮ್ಮ ಅದಕ್ಕೆ ತೊಡಿಸಿದ್ದಾರೆ. "ಇಲ್ದಿದ್ರೆ ಬೆಳ್ಳಿ ಕಣ್ಣಿಗೆ ಹೊಡೆಯತ್ತೆ. ಹೊಳಪು ಕಾಣತ್ತೆ, ನಾಣ್ಯ ಕಾಣಲ್ಲ," ಎನ್ನುತ್ತಾರೆ.

ಹತ್ತಿಯ ಕೈಗವಸು ತೊಟ್ಟ ಎರಡು ಬೆರಳಲ್ಲಿ ಅಂಚು ಮಾತ್ರ ಹಿಡಿದು, ಒಂದು ತಾಮ್ರದ ಕಾಸನ್ನು ಕಪ್ಪು ಬಟ್ಟೆಯ ಮೇಲಿಡುತ್ತಾರೆ. ತಿರುಪು ತಿರುಗಿಸಿದಂತೆ ಪರದೆಯ ಮೇಲೆ ಮಂಜು ಕರಗಿ ಮೊದಲು ಒಂದು ದಿಬ್ಬ, ಆಮೇಲೆ ಒಂದು ಅಕ್ಷರದ ಬೆನ್ನು ಕಾಣುತ್ತದೆ. ಅದು ಸ್ಪಷ್ಟವಾಗುತ್ತಿದ್ದಂತೆ ಉಸಿರು ಕಟ್ಟುತ್ತಾರೆ. ಅಷ್ಟರಲ್ಲಿ ಒಳಗಿಂದ ಕಾಫಿ ಲೋಟ ಹಿಡಿದು ಬಂದ ಪತಿ ಜಯಪ್ಪ ಹೊಸ್ತಿಲ ಮೇಲೆ ಒಂದು ಕಾಲಿಡುತ್ತಾರೆ.

"ಅಲ್ಲೇ ನಿಲ್ಲಿ! ಕಾಲು ಕೆಳಗಿಡಬೇಡಿ!"

"ಕೊಕ್ಕರೆ ಹಂಗೆ ನಿಂತ್ಕೊಂಡೇ ಇರ್ಲಾ ಮಾರಾಯ್ತಿ? ಕಾಫಿ ಆರತ್ತೆ."

"ಆರ್ಲಿ."

ಫೋಟೊ ತೆಗೆದಾಯಿತು. ಜಯಪ್ಪನವರ ಕಾಲು ಕೆಳಗೆ ಬಂತು. ಈ ನಾಟಕ ದಿನವೂ ಇದೆಯಂತೆ. ಅಷ್ಟು ದೊಡ್ಡದು ಮಾಡಿ ನೋಡುವಾಗ ನೆಲದ ಸಣ್ಣ ನಡುಕವೂ ಚಿತ್ರವನ್ನು ಕಲಕುತ್ತದೆ. ಊರೊಳಗೆ ಹೋಗುವ ಮೊದಲ ಬಸ್ಸು ಮನೆಯ ಮುಂದೆ ಹಾದರೆ, ಪಕ್ಕದ ಮನೆಯ ಮಿಕ್ಸಿ ಶುರುವಾದರೆ, ಅಂದಿನ ಸೂಕ್ಷ್ಮ ಕೆಲಸ ಮುಗಿದಂತೆ. ಅದಕ್ಕೇ ಈ ಹೊತ್ತು. ಮನೆಮಂದಿ ಏಳುವ ಮೊದಲಿನ ಒಂದು ಗಂಟೆಯನ್ನು ತನಗಾಗಿ ಕದ್ದುಕೊಂಡವರಿಗೆ ಅದರ ಬೆಲೆ ಗೊತ್ತು. ಹೂವಮ್ಮ ಆ ಗಂಟೆಯನ್ನೂ ದುಡಿಮೆಗೇ ಕೊಡುತ್ತಾರೆ.

ಅವರಿಗೆ ಈಗ ನಲವತ್ತೊಂಬತ್ತು. ತವರು ಆಯನೂರಿನ ಹತ್ತಿರದ ಹಳ್ಳಿ. ಪಿಯುಸಿಯಲ್ಲಿ ಓದು ನಿಂತಿತು, ಮದುವೆಯಾಗಿ ಭದ್ರಾವತಿಗೆ ಬಂದರು. ಜಯಪ್ಪ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಗಾರ. ಆ ಕೆಲಸ ಇವತ್ತಿದ್ದು ನಾಳೆ ಇಲ್ಲ ಎನ್ನುವಂತಾದಾಗ ಹೂವಮ್ಮ ರಂಗಪ್ಪ ಸರ್ಕಲ್ಲಿನ ಮೊಬೈಲ್ ರಿಪೇರಿ ಅಂಗಡಿಗೆ ಸೇರಿದರು. ಕಸ ಗುಡಿಸಲು, ಗಿರಾಕಿಗಳಿಗೆ ಚೀಟಿ ಬರೆದುಕೊಡಲು ಸೇರಿದ್ದು. ಮಾಲೀಕರು ತಮಿಳಿನವರು. ಈಕೆಯ ಕೈ ನಡುಗುವುದಿಲ್ಲ ಎಂದು ಗಮನಿಸಿ ಬೆಸುಗೆ ಹಾಕುವುದನ್ನು ಕಲಿಸಿದರು. ಅಕ್ಕಿಕಾಳಿಗಿಂತ ಸಣ್ಣ ಭಾಗಗಳನ್ನು ಲೆನ್ಸಿನ ಕೆಳಗಿಟ್ಟು ಅಂಟಿಸುವ ಕೆಲಸ.

"'ಮೂಚ್ಚು ವಿಡಾದೇಮ್ಮಾ' ಅಂತ ಕಿವೀಲಿ ಕೂಗೋರು. ಉಸಿರು ಬಿಡಬೇಡ ಅಂತ. ಅವರು ಕೂಗಿದ ದಿಗಿಲಿಗೇ ನಾನು ಉಸಿರು ಬಿಡ್ತಿದ್ದೆ," ಎಂದು ನಗುತ್ತಾರೆ.

ಒಂದು ದಿನ ಶಿವಮೊಗ್ಗದ ವಿಷ್ಣು ಎಂಬವರು ಫೋನ್ ರಿಪೇರಿಗೆ ಬಂದರು. ಗಾಂಧಿ ಬಜಾರಿನ ಒಂದು ಮಹಡಿಯ ಮೇಲೆ ಹಳೆಯ ನಾಣ್ಯ, ಅಂಚೆಚೀಟಿ, ಪದಕಗಳನ್ನು ಕೊಂಡು ಮಾರುವ ಅಂಗಡಿ ಅವರದು. ಫೋನ್ ಸರಿಯಾಗುವವರೆಗೆ ಕೂತವರು ಜೇಬಿನಿಂದ ಒಂದು ನಾಣ್ಯ ತೆಗೆದು, "ಇದನ್ನೂ ಒಂಚೂರು ಆ ಮೆಷಿನ್ನಲ್ಲಿ ತೋರಿಸ್ತೀರಾ?" ಎಂದು ಕೇಳಿದರು. ಇಸವಿಯ ಕೊನೆಯ ಅಂಕಿಯ ಸುತ್ತ ಉಗುರಿನಿಂದ ಕೆರೆದಂಥ ಗುರುತಿತ್ತು. ಐದನ್ನು ಯಾರೋ ಮೂರು ಮಾಡಿದ್ದರು. ವಿಷ್ಣು ಅಂದು ಆ ನಾಣ್ಯ ಕೊಳ್ಳಲಿಲ್ಲ. ಮರುವಾರ ಇನ್ನೊಂದಷ್ಟು ನಾಣ್ಯ ಹಿಡಿದು ಬಂದರು. ಮೊಬೈಲ್ ಅಂಗಡಿ ಮುಚ್ಚಿದಾಗ ಮಾಲೀಕರು ಹಳೆಯ ಮೈಕ್ರೋಸ್ಕೋಪನ್ನು ಹೂವಮ್ಮನಿಗೇ ಕೊಟ್ಟು ಊರಿಗೆ ಹೋದರು.

ಈಗ ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಶಿವಮೊಗ್ಗ, ಉಳಿದ ದಿನ ಮನೆ. ನಾಣ್ಯಗಳು ಸ್ಟೀಲಿನ ಟಿಫಿನ್ ಡಬ್ಬಿಯಲ್ಲಿ, ಹತ್ತಿಯ ಹಾಸಿಗೆಯ ಮೇಲೆ ಓಡಾಡುತ್ತವೆ. ಬಸ್ಸಿನಲ್ಲಿ ಪಕ್ಕ ಕೂತವರು "ಏನ್ ತಿಂಡಿ ಅಕ್ಕಾ ಇವತ್ತು?" ಎಂದರೆ "ಉಪ್ಪಿಟ್ಟು" ಎನ್ನುತ್ತಾರೆ. ಪ್ರತಿ ನಾಣ್ಯದ ಎರಡೂ ಮುಖ, ಅಂಚು, ಇಸವಿ, ಟಂಕಸಾಲೆಯ ಗುರುತು, ಕೊನೆಗೆ ಅನುಮಾನ ಬಂದ ಜಾಗ, ಇಷ್ಟನ್ನೂ ಚಿತ್ರ ತೆಗೆಯಬೇಕು. ಆ ಚಿತ್ರಗಳು ಹರಾಜಿನ ಪುಟಗಳಲ್ಲಿ ದೂರದೂರದ ಊರಿನವರಿಗೆ ಕಾಣುತ್ತವೆ. ಕೆಳಗೆ ಅಂಗಡಿಯ ಹೆಸರಿರುತ್ತದೆ. ಹೂವಮ್ಮನ ಹೆಸರು ಎಲ್ಲೂ ಇಲ್ಲ.

"ನಾನು ಮಾರೋನು," ಎನ್ನುತ್ತಾರೆ ವಿಷ್ಣು. "ಮಾರೋನ ಕಣ್ಣಿಗೆ ನಾಣ್ಯ ಯಾವಾಗ್ಲೂ ಒಂಚೂರು ಚೆನ್ನಾಗೇ ಕಾಣತ್ತೆ. ಅದಕ್ಕೆ ಇವರು ಬೇಕು."

ನಾವು ಹೋದ ದಿನ ಅಂಗಡಿಗೆ ಆಯನೂರಿನ ಮುರುಗೇಶಪ್ಪ ಬಂದಿದ್ದರು. ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ ಬೆಳ್ಳಿ ನಾಣ್ಯವನ್ನು ಕರ್ಚೀಫಿನಿಂದ ಬಿಚ್ಚಿ, ಮೇಜಿನ ಮೇಲೆ ಟಣ್ಣೆಂದು ಇಟ್ಟರು.

"ನಿನ್ನೆಯಿಂದ ಹುಣಸೆಹಣ್ಣು ಹಾಕಿ ತಿಕ್ಕಿದೀನಿ ಅಕ್ಕಾ. ನೋಡಿ, ಮದುವಣಗಿತ್ತಿ ಹಂಗೆ ಹೊಳೀತಿದೆ."

ಹೂವಮ್ಮನ ಮುಖ ಇಳಿಯಿತು. "ಯಾಕೆ ತಿಕ್ಕಿದ್ರಿ ಯಜಮಾನ್ರೇ?"

"ತಿಕ್ಕದೆ? ಕರ್ರಗಿದ್ದದ್ದನ್ನ ಹಂಗೇ ತರ್ಲಾ? ನಾಕು ಜನ ನೋಡೋ ಸಾಮಾನು."

ಹೂವಮ್ಮ ಪರದೆಯನ್ನು ಮುರುಗೇಶಪ್ಪನವರ ಕಡೆ ತಿರುಗಿಸಿದರು. ರಾಜನ ಕೆನ್ನೆಯ ತುಂಬ ಒತ್ತೊತ್ತಾದ ಗೀರುಗಳು.

"ಇದೇನಿದು, ಕುಂಟೆ ಹೊಡೆದ ಹೊಲ?"

"ನೀವು ತಿಕ್ಕಿದ್ದು."

ಮುರುಗೇಶಪ್ಪ ಪರದೆಯನ್ನೂ ನಾಣ್ಯವನ್ನೂ ಎರಡೆರಡು ಸಲ ನೋಡಿದರು. "ನಿಮ್ ಮೆಷಿನ್ನಿಗೇ ಒಂದ್ಸಲ ಹುಣಸೆಹಣ್ಣು ಹಾಕಿ ತೊಳೀರಿ ಅಕ್ಕಾ. ಅದೇ ಮಸುಕಾಗಿರ್ಬೇಕು."

ವಿಷ್ಣು ಜೋರಾಗಿ ನಕ್ಕರು. "ಆ ಕಪ್ಪು ಕೊಳೆ ಅಲ್ಲ ಮಾರಾಯ್ರೇ. ನಾಣ್ಯದ ವಯಸ್ಸು ಅದು. ಕೊಳ್ಳೋರು ಅದನ್ನೇ ನೋಡೋದು." ಹೂವಮ್ಮ ನಗಲಿಲ್ಲ. ನಮ್ಮ ಕಡೆ ಇದು ತೀರದ ಕಥೆ ಎನ್ನುತ್ತಾರೆ ಅವರು. ನೆಂಟರ ಮನೆಗೆ ಕರೆದೊಯ್ಯುವ ಮಗುವಿಗೆ ಸ್ನಾನ ಮಾಡಿಸುವಂತೆ ಜನ ನಾಣ್ಯವನ್ನು ತೊಳೆದೇ ತರುತ್ತಾರೆ. ದೇವರ ಮನೆಯ ನಾಣ್ಯವಾದರೆ ಶುಕ್ರವಾರ ಶುಕ್ರವಾರ ತೊಳೆಯುತ್ತಾರೆ. ಕೊಳೆ ಹೋಗಲಿ ಎಂದು ತಿಕ್ಕುವ ಕೈಗೆ ಅದರ ಜೊತೆ ಬೆಳ್ಳಿಯೂ ಒಂದಿಷ್ಟು ಹೋಗುತ್ತಿದೆ ಎಂದು ಗೊತ್ತಾಗುವುದಿಲ್ಲ.

ಈ ಕೆಲಸದಲ್ಲಿ ಸಂತೋಷದ ಸುದ್ದಿ ಹೇಳುವ ದಿನಗಳು ಕಡಿಮೆ. ಫೋನಿನ ವೀಡಿಯೊ ನೋಡಿ, ತಮ್ಮ ಹಳೆಯ ಐದು ರೂಪಾಯಿಗೆ ಊರೇ ಕೊಳ್ಳುವ ಬೆಲೆಯಿದೆ ಎಂದು ನಂಬಿ ಬರುವವರಿದ್ದಾರೆ. ಮನೆ ಕಟ್ಟಲು ಅಗೆದಾಗ ಸಿಕ್ಕಿತೆಂದು ಯಾರೋ ಹೇಳಿ ಮಾರಿದ ನಾಣ್ಯ ತರುವವರಿದ್ದಾರೆ. ಲೆನ್ಸಿನ ಕೆಳಗೆ ಅದರ ಮೈತುಂಬ ದೋಸೆಯ ಹಾಗೆ ತೂತುಗಳು ಕಾಣುತ್ತವೆ. ಅಚ್ಚಿನಲ್ಲಿ ಲೋಹ ಕಾಯಿಸಿ ಹೊಯ್ದ ನಕಲಿ. "ಇಲ್ಲ ಅನ್ನೋದೇ ನನ್ ಕೆಲಸ. ಒಂದೊಂದು ದಿನ ಬೆಳಗಿಂದ ಸಂಜೆ ತನಕ ಇಲ್ಲ ಇಲ್ಲ ಅಂತ್ಲೇ ಹೇಳಿರ್ತೀನಿ. ಮನೆಗೆ ಬಂದು 'ಅನ್ನ ಇದೆಯೇನೇ' ಅಂದ್ರೆ ಅದಕ್ಕೂ ಇಲ್ಲ ಅಂತ ಬಂದುಬಿಡತ್ತೆ ಬಾಯಿಗೆ."

ಅತ್ತೆ ಮಾತು ತೆಗೆದುಕೊಂಡದ್ದು ಅಂಥದೊಂದು "ಇಲ್ಲ"ದ ದಿನವೇ. ಹೆಂಗಸೊಬ್ಬರು ತಮ್ಮ ತಾಯಿ ಕೊಟ್ಟ ನಾಣ್ಯವನ್ನು ಮನೆಗೇ ತಂದಿದ್ದರು. ಅದು ಬೆಳ್ಳಿಯಲ್ಲ, ಸೀಸದ್ದು. ಕೇಳಿದಾಕೆ ಬಾಗಿಲ ಮೆಟ್ಟಿಲ ಮೇಲೆ ಕೂತುಬಿಟ್ಟರು. ನೀರು ಕೊಟ್ಟದ್ದು ಶಂಕರಮ್ಮ. ಆಕೆ ಎದ್ದು ಹೋದ ಮೇಲೆ ಶಂಕರಮ್ಮ ಅಡುಗೆಮನೆಗೆ ಬಂದು, "ನೀನು ನೋಡಿದ್ದೆಲ್ಲಾ ಸುಳ್ಳಾಗತ್ತೆ ಕಣೇ. ಸುಮ್ನೆ ನಂಬ್ಕೊಂಡು ಇದ್ರೆ ಏನ್ ಹೋಗ್ತಿತ್ತು ಅವಳಿಗೆ?" ಎಂದರಂತೆ. ಆಮೇಲೆ ಕೈ ಚಾಚಿದರು.

ಅವರ ಲಕ್ಷ್ಮಿ ಎಂದರೆ ರಾಣಿ ಛಾಪಿನ ಒಂದು ಬೆಳ್ಳಿ ರೂಪಾಯಿ. ಶಂಕರಮ್ಮನಿಗೆ ಈಗ ಎಂಬತ್ತೊಂದು. ಮದುವೆಯ ದಿನ ತಾಯಿ ತನ್ನ ಕೊರಳಿನಿಂದ ಬಿಚ್ಚಿ ಕೊಟ್ಟದ್ದಂತೆ ಅದು. ಸರಕ್ಕೆ ಪೋಣಿಸಲೆಂದು ರಾಣಿಯ ಕಿರೀಟದ ಮೇಲಿನ ಅಂಚಿಗೆ ಒಂದು ಕೊಂಡಿ ಬೆಸೆದಿದ್ದರು. ದೇವರ ಮನೆಗೆ ಬಂದ ಮೇಲೆ ಕೊಂಡಿ ಏಕೆಂದು ಅಕ್ಕಸಾಲಿಗರ ಹತ್ತಿರ ತೆಗೆಸಿ, ಅಂಚು ನುಣುಪು ಮಾಡಿಸಿ, ಕಳಶದ ಕೆಳಗಿನ ಅಕ್ಕಿಯ ಮೇಲೆ ಇಟ್ಟರು. ಅಂದಿನಿಂದ ಪ್ರತಿ ಶುಕ್ರವಾರ ಹುಣಸೆಹಣ್ಣು, ಒಲೆಯ ಬೂದಿ. ಒಲೆ ಹೋಗಿ ಗ್ಯಾಸ್ ಬಂದ ಮೇಲೆ ಪಾತ್ರೆ ತಿಕ್ಕುವ ಪುಡಿ. ತೊಳೆಯುವುದು ಅವರೊಬ್ಬರೇ. ತೊಳೆದದ್ದೇ ಅರಿಶಿನ ಕುಂಕುಮ ಹಚ್ಚಿ ಅಕ್ಕಿಯ ಮೇಲೆ. ಮನೆಯಲ್ಲಿ ಬೇರೆ ಯಾರೂ ಆಗ ಅದನ್ನು ಕೈಯಲ್ಲಿ ಹಿಡಿದು ನೋಡಿದವರಿಲ್ಲ.

ವಯಸ್ಸಾದಂತೆ ಶಂಕರಮ್ಮನ ಎರಡೂ ಕಣ್ಣಿಗೆ ಪೊರೆ ಬಂತು. ಆಪರೇಷನ್ ಎಂದರೆ ಹೆದರಿಕೆ, ಮುಂದಕ್ಕೆ ಹಾಕುತ್ತಾ ಹೋದರು. ಆ ವರ್ಷಗಳಲ್ಲಿ ದೇವರ ಮನೆಯ ಹೂವು, ಬತ್ತಿ, ನೀರು ನೋಡಿಕೊಂಡದ್ದು ಕಿರಿಸೊಸೆ ಸುಶ್ಮಿತಾ, ಜಯಪ್ಪನವರ ತಮ್ಮ ಹರಿಪ್ರಸಾದನ ಹೆಂಡತಿ. ಶುಕ್ರವಾರ ಅತ್ತೆಯ ಕೈಗೆ ನಾಣ್ಯವನ್ನೂ ಪುಡಿಯನ್ನೂ ಕೊಡುತ್ತಿದ್ದದ್ದು ಅವಳೇ.

"ಲಕ್ಷ್ಮಿ ಯಾಕೋ ಮಂಕಾಗಿದಾಳೆ, ಇನ್ನೊಂಚೂರು ಪುಡಿ ಹಾಕೇ ಅನ್ನೋರು," ಎಂದು ಹೂವಮ್ಮ ನೆನೆಯುತ್ತಾರೆ. "ಸುಶ್ಮಿತಾ 'ಹೊಳೀತಿದೆ ಅತ್ತೆ, ಸಾಕು' ಅನ್ನೋಳು. ಇವರು ಬಿಡ್ತಿರ್ಲಿಲ್ಲ. ಮಂಕಾಗಿದ್ದದ್ದು ಕಣ್ಣು. ಅದು ಯಾರಿಗೂ ಹೊಳೀಲಿಲ್ಲ."

ಕೊನೆಗೆ ಆಪರೇಷನ್ ಆಯಿತು. ಶಂಕರಮ್ಮನಿಗೆ ಗೋಡೆಯ ಬಿರುಕು, ಮೊಮ್ಮಗಳು ಸಿರಿಯ ರೆಪ್ಪೆಗೂದಲು ಎಲ್ಲ ಕಾಣಲು ಶುರುವಾಯಿತು. ವಾರಗಟ್ಟಲೆ ಮನೆಯೆಲ್ಲ ಸುತ್ತಿ "ಇದು ಈ ಬಣ್ಣವಾ!" ಎನ್ನುತ್ತಿದ್ದರಂತೆ. ಕಣ್ಣಿಗೆ ಪುಡಿ ಸೋಕಬಾರದೆಂದು ಆ ಶುಕ್ರವಾರಗಳಲ್ಲಿ ನಾಣ್ಯ ತೊಳೆದಿರಲಿಲ್ಲ. ಅಷ್ಟರಲ್ಲಿ ದೀಪಾವಳಿ ಬಂತು. ಲಕ್ಷ್ಮೀಪೂಜೆಗೆ ನೆಂಟರು, ಅಕ್ಕಪಕ್ಕದವರು ತುಂಬಿದ್ದರು. ಶಂಕರಮ್ಮ ನಾಣ್ಯ ತೊಳೆದು ಬೆಳಕಿಗೆ ಹಿಡಿದರು. ಎರಡೂ ಕಡೆ ನುಣ್ಣಗೆ. ರಾಣಿ ಇರಲಿಲ್ಲ.

"ಮುಖ ಎಲ್ಲಿ? ಜಡೆ ಎಲ್ಲಿ, ಕಿರೀಟ ಎಲ್ಲಿ? ಇದು ನಮ್ಮ ಲಕ್ಷ್ಮಿ ಅಲ್ಲ. ಯಾರೋ ಬದ್ಲಾಯ್ಸಿದಾರೆ." ಅವರು ಸುತ್ತ ನೋಡಿ ಸುಶ್ಮಿತಾಳ ಮೇಲೆ ಕಣ್ಣು ನಿಲ್ಲಿಸಿದರು. "ನಾನು ಕುರುಡಿ ಆಗಿದ್ದಾಗ ಇದನ್ನ ಮುಟ್ತಿದ್ದೋಳು ನೀನೊಬ್ಳೇ."

ಸುಶ್ಮಿತಾ ಕೈಯಲ್ಲಿದ್ದ ಆರತಿ ತಟ್ಟೆಯನ್ನು ಕೆಳಗಿಟ್ಟಳು. ಹರಿಪ್ರಸಾದ್ ಕೂಗಾಡಿದ. ಆಕೆ ಒಂದೇ ಮಾತು ಹೇಳಿದಳಂತೆ: "ನಂಗೆ ಬೇಕಾಗಿದ್ರೆ ಕೇಳಿ ಇಸ್ಕೊಳ್ತಿದ್ದೆ ಅತ್ತೆ." ಆ ವಾರವೇ ಗಂಡ, ಹೆಂಡತಿ, ಮಗು ಶಿವಮೊಗ್ಗದಲ್ಲಿ ಬಾಡಿಗೆ ಮನೆ ಹಿಡಿದರು. ಸುಶ್ಮಿತಾ ಮತ್ತೆ ಜನ್ನಾಪುರಕ್ಕೆ ಕಾಲಿಡಲಿಲ್ಲ. ಪೂಜೆಗೆ ಬಂದಿದ್ದವರು ಮಾತನ್ನು ಮನೆಮನೆಗೆ ಒಯ್ದರು. ಮದುವೆ ಮನೆಯಲ್ಲಿ ಆಕೆ ಕೂತರೆ ಪಕ್ಕದವರು ಕೊರಳಿನ ಸರ ಮುಟ್ಟಿ ನೋಡಿಕೊಳ್ಳುವಷ್ಟು.

ಊರವರ ನಾಣ್ಯವನ್ನೆಲ್ಲ ನೋಡಿ ನಿಜ ಹೇಳುವ ಹೆಂಗಸು ಅದೇ ಮನೆಯಲ್ಲಿದ್ದರು. ನಾಣ್ಯ ಹಳದಿ ಬಟ್ಟೆಯಲ್ಲಿ ಸುತ್ತಿಕೊಂಡು ಅತ್ತೆಯ ಪೆಟ್ಟಿಗೆ ಸೇರಿತು. ಬೀಗದ ಕೈ ಅತ್ತೆಯ ಸೊಂಟದಲ್ಲಿ. ಕೇಳಬಹುದಿತ್ತು. ಹೂವಮ್ಮ ಕೇಳಲಿಲ್ಲ.

"ಮಾತು ಕೊಟ್ಟಿದ್ದೆ, ಅದೊಂದು," ಎಂದು ಅವರು ಲೆನ್ಸಿಗೆ ಬಟ್ಟೆ ಮುಚ್ಚುತ್ತಾ ಹೇಳುತ್ತಾರೆ. "ಇನ್ನೊಂದು, ನೋಡಿದ್ರೆ ಇಬ್ರಲ್ಲಿ ಒಬ್ರು ಬೀಳ್ಬೇಕು. ಬೇರೆ ನಾಣ್ಯ ಅಂತಾದ್ರೆ ಸುಶ್ಮಿತಾ ಕಥೆ ಮುಗೀತು. ಅದೇ ನಾಣ್ಯ ಅಂತಾದ್ರೆ, ಆ ಮುಖ ಅಳ್ಸಿದ್ದು ಯಾರು? ಎಂಬತ್ತು ವರ್ಷದ ಜೀವಕ್ಕೆ ಹೆಂಗೆ ಹೇಳೋದು ಅದನ್ನ? ಅದಕ್ಕೆ ದಿನಾ ನಾಳೆ ನಾಳೆ ಅಂತ ಹೋಯ್ತು."

ಹೀಗೆ ನಾಲ್ಕು ವರ್ಷ. ಹೂವಮ್ಮ ಶಿವಮೊಗ್ಗಕ್ಕೆ ಹೋದಾಗಲೆಲ್ಲ ವಾರಗಿತ್ತಿಯ ಮನೆಗೆ ಹೋಗಿ ಬರುತ್ತಿದ್ದರು. ಸುಶ್ಮಿತಾ ಕಾಫಿ ಕೊಡುತ್ತಿದ್ದಳು, ಸಿರಿಯ ಸ್ಕೂಲಿನ ಮಾತಾಡುತ್ತಿದ್ದಳು. ನಾಣ್ಯದ ಮಾತು ಇಬ್ಬರೂ ಎತ್ತುತ್ತಿರಲಿಲ್ಲ.

ಕಳೆದ ಕಾರ್ತಿಕದಲ್ಲಿ ಶಂಕರಮ್ಮ ಜ್ವರ ಬಂದು ಮಲಗಿದರು. ಎದ್ದು ಕೂರುವಂತಾದ ದಿನ ಹೂವಮ್ಮನನ್ನು ಕರೆದು, ಬೀಗ ತೆಗೆಸಿ, ಹಳದಿ ಬಟ್ಟೆಯ ಗಂಟನ್ನು ಕೈಗಿಟ್ಟರು. "ನಾನು ಹೋಗೋ ಮುಂಚೆ ಈ ಸುಳ್ಳು ಲಕ್ಷ್ಮಿ ಮನೆ ಬಿಟ್ಟು ಹೋಗ್ಲಿ. ಹೊಳೆಗೆ ಬಿಟ್ಟು ಬಾ." ಭಿನ್ನವಾದ ದೇವರನ್ನು ಹೊಳೆಗೆ ಬಿಡುವುದು ಎಲ್ಲರ ಮನೆಯ ಪದ್ಧತಿ. ಮರುದಿನ ಹೂವಮ್ಮ ಬೆಳಕು ಹರಿಯುವ ಮೊದಲೇ ಗಂಟನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಭದ್ರಾ ಸೇತುವೆಗೆ ಹೋದರು.

"ಕಂಬಿ ಹಿಡ್ಕೊಂಡು ನಿಂತೆ. ಗಂಟು ಬಿಚ್ಚೋಕೆ ಕೈ ಹೋಗ್ಲಿಲ್ಲ. ನೀರಿಗೆ ಬಿದ್ರೆ ಇನ್ನು ಯಾರು ನೋಡ್ತೀನಿ ಅಂದ್ರೂ ಸಿಗಲ್ಲ. ಸುಶ್ಮಿತಾ ಸಾಯೋ ತನಕ ಕಳ್ಳಿ. ಅವಳ ಮಗಳು ಕಳ್ಳಿ ಮಗಳು."

ಹಾಗೇ ಮನೆಗೆ ಬಂದರು. ಶಂಕರಮ್ಮ ಒಳಕೋಣೆಯಲ್ಲಿ ಮಲಗಿದ್ದರು. ಹೆಂಡತಿಯ ಸೆರಗಿನ ಗಂಟು ನೋಡಿ ಜಯಪ್ಪನಿಗೆ ಅರ್ಥವಾಯಿತು.

"ಅವ್ವನೇ ಹೇಳ್ತಿದಾಳಲ್ಲ ಇದು ನಮ್ಮದಲ್ಲ ಅಂತ. ನಮ್ಮದಲ್ಲದ್ದನ್ನ ನೋಡಿದ್ರೆ ಮಾತು ಮುರಿದಂಗೆ ಹೆಂಗಾಗತ್ತೆ? ಇಡು, ನೋಡು."

"ನಮ್ಮದಲ್ಲ ಅಂತಾದ್ರೆ ನನ್ ಮಾತು ಉಳೀತು, ಸುಶ್ಮಿತಾ ಹೋದ್ಲು. ನಮ್ಮದೇ ಅಂತಾದ್ರೆ ಸುಶ್ಮಿತಾ ಉಳಿದ್ಲು, ನನ್ ಮಾತು ಹೋಯ್ತು. ಎರಡೂ ಉಳಿಯೋ ದಾರಿ ಇಲ್ಲ ಕಣ್ರೀ."

ಜಯಪ್ಪ ಹೊಸ್ತಿಲಲ್ಲೇ ನಿಂತುಕೊಂಡರು. ಹೂವಮ್ಮ ಕೈಗವಸು ತೊಟ್ಟು ಗಂಟು ಬಿಚ್ಚಿದರು.

ಮೊದಲು ಮುಖ ನೋಡಿದರು. ಪರದೆಯ ತುಂಬ ಗೀರುಗಳು, ಒಂದರ ಮೇಲೊಂದು, ಎಲ್ಲವೂ ಅರ್ಧಚಂದ್ರದ ಹಾಗೆ ಒಂದೇ ಕಡೆ ಬಾಗಿದವು. ಹೆಬ್ಬೆರಳು ತಿರುಗುವ ದಾರಿ ಅದು. ಅದರಲ್ಲಿ ಯಾವ ನಾಣ್ಯ ಎಂದು ಹೇಳುವಂಥದ್ದು ಏನೂ ಉಳಿದಿರಲಿಲ್ಲ. ಆಮೇಲೆ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿ ನಿಧಾನವಾಗಿ ತಿರುಗಿಸಿದರು. ಅಂಚಿನ ಸಣ್ಣ ಸಾಲುಗೆರೆಗಳು ಸವೆದಿದ್ದರೂ ಅಲ್ಲಲ್ಲಿ ಇದ್ದವು. "ಹೆಬ್ಬೆರಳು ಮುಖ ಉಜ್ಜತ್ತೆ, ಅಂಚಿನ ಸಂದೀಗೆ ಹೋಗಲ್ಲ," ಎನ್ನುತ್ತಾರೆ. ಒಂದು ಕಡೆ ಸಾಲುಗೆರೆ ನಿಂತುಹೋಗಿ ಅರದಿಂದ ಉಜ್ಜಿದ ಮಟ್ಟಸವಾದ ಜಾಗ ಬಂತು. ಅದರ ಎರಡೂ ಪಕ್ಕದ ಸಂದಿಗಳಲ್ಲಿ ಏನೋ ತುಂಬಿತ್ತು. ಬೆಳ್ಳಿಗಿಂತ ತುಸು ಹಳದಿ, ಕರಗಿ ಹರಿದು ಗಟ್ಟಿಯಾದದ್ದು.

"ಬೆಸುಗೆ. ಇಷ್ಟು ವರ್ಷ ಅದನ್ನೇ ಹಾಕಿದೀನಿ, ನಂಗೆ ಗೊತ್ತಾಗಲ್ವಾ? ಅತ್ತೆ ಅವ್ವನ ಕೊಂಡಿ ಇದ್ದ ಜಾಗ ಅದು. ಬದ್ಲಾಯ್ಸೋರು ಯಾರಾದ್ರೂ ಇಲ್ಲದ ಕೊಂಡಿ ಬೆಸೆದು, ಕಿತ್ತು, ಉಜ್ಜಿ ತಂದಿಡ್ತಾರಾ?"

ಅಂದು ಅವರು ತೆಗೆದ ಚಿತ್ರ ಸ್ವಲ್ಪ ಕಲಕಿದೆ. ಬಸ್ಸು ಬಂದಿರಲಿಲ್ಲ, ಜಯಪ್ಪ ಅಲುಗಿರಲಿಲ್ಲ. ಉಸಿರು ಬಿಟ್ಟದ್ದು ಹೂವಮ್ಮನೇ.

ಶಂಕರಮ್ಮ ಎದ್ದ ಮೇಲೆ ಲ್ಯಾಪ್‌ಟಾಪನ್ನು ಹಾಸಿಗೆಯ ಪಕ್ಕಕ್ಕೆ ಒಯ್ದು ತೋರಿಸಿದರು. ಹೊಳೆಗೆ ಬಿಟ್ಟಿಲ್ಲ ಎಂದೂ, ಮೆಷಿನ್ ಕೆಳಗೆ ಇಟ್ಟೆ ಎಂದೂ ಹೇಳಿದರು. ಮುದುಕಿ ಬೈಯಲಿಲ್ಲ. ಪರದೆಯ ಮೇಲಿನ ಹಳದಿ ಚುಕ್ಕೆಗೆ ಬೆರಳು ತಾಗಿಸಿ "ಅವ್ವನ ಕೊಂಡಿ" ಎಂದರು. ಆಮೇಲೆ ಕೇಳಿದರು: "ಹಂಗಾದ್ರೆ ರಾಣಿ ಮುಖ ಯಾರು ತಗೊಂಡ್ರೇ?"

ಶಂಕರಮ್ಮ ತಮ್ಮ ಹೆಬ್ಬೆರಳನ್ನು ತೋರುಬೆರಳ ಮೇಲೆ ಎರಡು ಸಲ ತಿರುಗಿಸಿ ನೋಡಿ, ಕೈಯನ್ನು ಕಂಬಳಿಯೊಳಗೆ ಎಳೆದುಕೊಂಡರು. ಆ ದಿನದಿಂದ ಅವರು ದೇವರ ಮನೆಗೆ ಹೋಗಿಲ್ಲ. ಬಾಗಿಲಲ್ಲೇ ಕೂತು ಕೈ ಮುಗಿಯುತ್ತಾರೆ. ನಾವು ಮಾತಾಡಿಸಿದಾಗ ಕುಡಿಯಲು ಏನಾದರೂ ಕೊಟ್ಟರೋ ಇಲ್ಲವೋ ಎಂದಷ್ಟೇ ವಿಚಾರಿಸಿದರು.

ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಹೂವಮ್ಮ ಶಿವಮೊಗ್ಗಕ್ಕೆ ಹೋದರು. ಸುಶ್ಮಿತಾ ಅಡುಗೆಮನೆಯ ಕಿಟಕಿಯ ಬೆಳಕಿನಲ್ಲಿ ಅದನ್ನು ಹಿಡಿದು ನೋಡಿದಳು. ಕೊಂಡಿ, ಬೆಸುಗೆ, ಹೆಬ್ಬೆರಳಿನ ಗೀರು ಎಲ್ಲವನ್ನೂ ಹೂವಮ್ಮ ವಿವರಿಸಿದರು. ಆಕೆ ಅಳುತ್ತಾಳೆ, ಇಲ್ಲವೇ ನಗುತ್ತಾಳೆ ಎಂದುಕೊಂಡಿದ್ದರಂತೆ.

"ಇದು ಎಷ್ಟು ಹೊತ್ತಿನ ಕೆಲಸ ಅಕ್ಕಾ?" ಎಂದು ಕೇಳಿದಳು ಸುಶ್ಮಿತಾ.

"ಕಾಲು ಗಂಟೆ."

"ಕಾಲು ಗಂಟೆ." ಪ್ರಿಂಟನ್ನು ಮಡಿಸದೆ ಹಾಗೇ ಹಿಂದಕ್ಕೆ ಕೊಟ್ಟಳು. "ನೋಡಿದ್ರೆ ನಾನೇ ಕಳ್ಳಿ ಅಂತ ಕಂಡುಬಿಡತ್ತೇನೋ ಅಂತ ನಿಮಗೂ ಹೆದರಿಕೆ ಇತ್ತಲ್ವಾ ಅಕ್ಕಾ?"

ಹೂವಮ್ಮ ಪ್ರಿಂಟನ್ನು ಚೀಲಕ್ಕೆ ಹಾಕಿಕೊಂಡರು. ಸುಶ್ಮಿತಾ ಕಾಫಿ ಕೊಟ್ಟಳು. ಹೂವಮ್ಮ ಕುಡಿದು ಬಸ್ಸು ಹತ್ತಿದರು. ಅತ್ತೆ ಬರಹೇಳಿದ್ದಾರೆ ಎಂದು ಜಯಪ್ಪ ಸುಶ್ಮಿತಾಳಿಗೆ ಎರಡು ಸಲ ಫೋನ್ ಮಾಡಿದ್ದಾರೆ. "ಸಿರಿಗೆ ಪರೀಕ್ಷೆ ಇದೆ ಭಾವ" ಎಂಬ ಉತ್ತರ ಬಂದಿದೆ. ಸಿರಿ ಈಗ ಒಂದನೇ ತರಗತಿ.

ಹೊಸ ಲೆನ್ಸ್ ಬೇಕೆ, ಹೆಸರು ಬರಬೇಕೆ, ಒಳ್ಳೆಯ ಫೋಟೊ ಹಾಕಿಸೋಣವೇ ಎಂದು ನಾವು ಕೇಳುತ್ತೇವೆ. ಇಂಥ ಲೇಖನಗಳ ಕೊನೆಯಲ್ಲಿ ಕೇಳುವ ಪ್ರಶ್ನೆಗಳು. ಹೂವಮ್ಮ ತಲೆಯಾಡಿಸುತ್ತಾರೆ.

"ನನ್ ಫೋಟೊ ಏನೂ ಬೇಡ. ಅವತ್ತು ಪೂಜೆಗೆ ಬಂದಿದ್ದೋರೆಲ್ಲಾ ಭಾನುವಾರ ಪೇಪರ್ ಓದೋರೇ. ಒಬ್ಬೊಬ್ರ ಮನೆಗೂ ಹೋಗಿ ಲ್ಯಾಪ್‌ಟಾಪ್ ತೋರ್ಸೋಕೆ ನನ್ ಕೈಲಾಗಲ್ಲ. ನಿಮ್ಮ ಪೇಪರ್‌ನಲ್ಲಿ ಅವಳ ಹೆಸರು ಹಾಕಿ, ಅವಳು ಕದ್ದಿಲ್ಲ ಅಂತ ಒಂದು ಸಾಲು ಬರೀರಿ. ಅತ್ತೇನೂ ಬರೀಲಿ ಅಂದಿದಾರೆ. ನಾನು ಮಾತು ಮುರಿದದ್ದನ್ನೂ ಬರೀರಿ. ಅದನ್ನ ಬರೀದಿದ್ರೆ ಇದನ್ನ ಯಾರೂ ನಂಬಲ್ಲ."

ಜನ್ನಾಪುರದ ಈ ಮನೆಯ ಬೆಳ್ಳಿ ರೂಪಾಯಿ ಕಳುವಾಗಿಲ್ಲ, ಬದಲಾಗಿಲ್ಲ. ಸುಶ್ಮಿತಾ ಅದನ್ನು ಕದ್ದಿಲ್ಲ. ಅತ್ತೆಗೆ ಕೊಟ್ಟ ಮಾತನ್ನು ಹೂವಮ್ಮ ಉಳಿಸಿಕೊಂಡಿಲ್ಲ.